ಉಜ್ಜಬೇಡ, ಗೆರೆ ಎಳಿ

ಆ ಸಿಪಿಯು ಡಬ್ಬದ ನೆತ್ತಿಯಲ್ಲಿ ಹಿಂದಿನ ವರ್ಷದ ಆಯುಧಪೂಜೆಯ ಕುಂಕುಮ ಇನ್ನೂ ಉಳಿದಿತ್ತು. 2015ರ ಮಳೆಗಾಲ. ಮಲೆನಾಡಿನ ಒಂದು ಅಡಿಕೆ ಮಂಡಿ. ಊರಿನ ಹೆಸರು ಬೇಡ ಬಿಡಿ. ಭಾವ ಬಂಡವಾಳ ಹಾಕಿದ್ದರು, ಭಾಮೈದ ಮಂಡಿಯಲ್ಲಿ ಕೂತು ವ್ಯಾಪಾರ ನೋಡಿಕೊಳ್ಳುತ್ತಿದ್ದರು. ಹದಿನೆಂಟು ವರ್ಷ ಚೆನ್ನಾಗಿಯೇ ನಡೆದ ಪಾಲುದಾರಿಕೆ. ಆಮೇಲೆ ಯಾವುದೋ ಮದುವೆ ಮನೆಯಲ್ಲಿ ಮಾತಿಗೆ ಮಾತು ಬೆಳೆದು, ಕೊನೆಗೆ ಇಬ್ಬರೂ ವಕೀಲರನ್ನು ಹಿಡಿದರು. ಭಾವನ ಕಡೆಯ ವಕೀಲರು ನನಗೆ ಫೋನ್ ಮಾಡಿದರು. "ಲೆಕ್ಕದಲ್ಲಿ ಏನೋ ಎಡವಟ್ಟಾಗಿದೆ. ಬಂದು ಒಮ್ಮೆ ನೋಡಿ."

ನಾನು ಚಾರ್ಟರ್ಡ್ ಅಕೌಂಟೆಂಟ್. ಅಲ್ಲಿಯವರೆಗೆ ಆಡಿಟ್, ತೆರಿಗೆ ಅಂತ ಇದ್ದವನು. ಫೊರೆನ್ಸಿಕ್ ಅಕೌಂಟಿಂಗ್‌ಗೆ, ಅಂದರೆ ಕೋರ್ಟಿಗೆ ಹೋಗುವ ಜಗಳಗಳಲ್ಲಿ ಲೆಕ್ಕ ಬಗೆಯುವ ಕೆಲಸಕ್ಕೆ, ಆಗಷ್ಟೇ ಕೈ ಹಾಕಿದ್ದೆ. ಮಂಡಿಯ ಬೀಗದ ಕೈ ಭಾವನ ಹತ್ತಿರವೂ ಒಂದಿತ್ತು. ಒಳಗೆ ಹೋದೆ, ಕುರ್ಚಿ ಎಳೆದುಕೊಂಡು ಕೂತೆ, ಕಂಪ್ಯೂಟರ್ ಆನ್ ಮಾಡಿದೆ. ಡೆಸ್ಕ್‌ಟಾಪ್ ಮೇಲೆ ‘ಬಾಕಿ’ ಅಂತ ಒಂದು ಎಕ್ಸೆಲ್ ಫೈಲ್ ಕಣ್ಣಿಗೆ ಬಿತ್ತು. ತೆರೆದು ನೋಡಿದೆ. ಒಂದಷ್ಟು ಹೆಸರು, ಮುಂದೆ ದೊಡ್ಡ ದೊಡ್ಡ ಮೊತ್ತ. ಮಂಡಿಯ ಲೆಕ್ಕ ಬರೆಯುವ ತಂತ್ರಾಂಶ ಟ್ಯಾಲಿಯಲ್ಲಿ ಆ ಹೆಸರುಗಳೇ ಇರಲಿಲ್ಲ. ಖುಷಿಯಾಯಿತು. ಮುಚ್ಚುವಾಗ ‘ಸೇವ್ ಮಾಡಬೇಕಾ’ ಅಂತ ಕೇಳಿತು. ನಾನು ಒಂದಕ್ಷರವನ್ನೂ ಮುಟ್ಟಿರಲಿಲ್ಲ. ಆದರೆ ಇವತ್ತಿನ ತಾರೀಖನ್ನು ತಾನೇ ತುಂಬಿಕೊಳ್ಳುವ ಸೂತ್ರ ಎಲ್ಲೋ ಒಂದು ಕಡೆ ಇದ್ದರೆ ಸಾಕು, ಎಕ್ಸೆಲ್ ಸುಮ್ಸುಮ್ನೆ ಹೀಗೆ ಕೇಳುತ್ತದೆ. ಕೈ ಅಭ್ಯಾಸ. ‘ಎಸ್’ ಒತ್ತಿದೆ.

ಮರುದಿನ ಬೆಳಿಗ್ಗೆ ಕಂಪ್ಯೂಟರ್ ಫೊರೆನ್ಸಿಕ್ಸ್ ಮಾಡುವ ಹುಡುಗಿ ಬಸ್ಸಿಳಿದು ಬಂದಳು. ಧಾರವಾಡದವಳು. ಬೆನ್ನಿಗೊಂದು ಚೀಲ, ಕೈಯಲ್ಲೊಂದು ಸೂಟ್‌ಕೇಸು. ನಾನು ಉತ್ಸಾಹದಿಂದ ಹೇಳಿದೆ, ನಿನ್ನೆಯೇ ಒಂದು ಒಳ್ಳೆಯ ಫೈಲ್ ಸಿಕ್ಕಿದೆ ಅಂತ. ಅವಳ ಮುಖ ಬಿಳಿಚಿಕೊಂಡಿತು.

"ಆನ್ ಮಾಡೀರೇನ್ರೀ ಸರ್?"

"ಹೂಂ, ಸುಮ್ನೆ ನೋಡೋಣ ಅಂತ."

"ಏನೇನು ತೆರದ್ರಿ? ಎಷ್ಟೊತ್ತು ಇತ್ತು?"

ಸೇವ್ ಒತ್ತಿದ್ದನ್ನು ಹೇಳುವಾಗ ನನ್ನ ದನಿ ತಾನಾಗಿ ತಗ್ಗಿತು. ಅವಳು ಬೈಯಲಿಲ್ಲ. ಒಂದು ಹಾಳೆ ಕೊಟ್ಟು, "ಎಲ್ಲಾ ಬರದು ಸಹಿ ಮಾಡ್ರಿ. ಟೈಮ್ ಸಮೇತ" ಅಂದಳು.

ಆ ಹಾಳೆ ಮುಂದಿಟ್ಟುಕೊಂಡು ಕೂತಾಗ ನನಗೆ ನೆನಪಾದದ್ದು ಅಜ್ಜ.

ನಮ್ಮಜ್ಜ ಮಂಡಿಯಲ್ಲಿ ಗುಮಾಸ್ತ. ಸಂಬಳ ಎಷ್ಟಿತ್ತೋ, ಅಕ್ಷರ ಮಾತ್ರ ಮುತ್ತು. ನಾನು ಬೇಸಿಗೆ ರಜೆಯಲ್ಲಿ ಅವರ ಪಕ್ಕ ಕೂತು ಕಿರ್ದಿ ಪುಸ್ತಕದ ಮೊತ್ತ ಕೂಡಿಸುತ್ತಿದ್ದೆ. ಒಮ್ಮೆ 480 ಅನ್ನೋದನ್ನು 840 ಅಂತ ಬರೆದುಬಿಟ್ಟೆ. ಕಂಪಾಸ್ ಬಾಕ್ಸಿನಿಂದ ಶಾಯಿ ಅಳಿಸುವ ರಬ್ಬರ್ ತೆಗೆದಿದ್ದೇ ತಡ, ಕೈ ಮೇಲೆ ಪಟ್ ಅಂತ ಒಂದು ಬಿತ್ತು. "ಉಜ್ಜಬೇಡ, ಗೆರೆ ಎಳಿ. ಒಂದೇ ಗೆರೆ. ಕೆಳಗಿನದ್ದು ಓದೋಕೆ ಬರಬೇಕು. ಮೇಲೆ ಸರಿಯಾದದ್ದು ಬರೆದು ಸಹಿ ಹಾಕು." ಯಾಕೆ ಅಂತ ನಾನು ಕೇಳಲಿಲ್ಲ. ಅವರೇ ಹೇಳಿದರು. "ತಪ್ಪು ಇದ್ದರೆ ಸಾವ್ಕಾರರು ನಿನ್ನ ಬೈತಾರೆ. ಉಜ್ಜಿದ ಗುರುತು ಇದ್ದರೆ ಇಡೀ ಪುಸ್ತಕಾನೇ ನಂಬಲ್ಲ."

ಇಲ್ಲೊಂದು ಸಣ್ಣ ಅಡ್ಡದಾರಿ. ನಾವು ಆಫೀಸಿನ ಫೈಲಿಗೆ ‘ಕಡತ’ ಅನ್ನುತ್ತೇವಲ್ಲ, ಆ ಮಾತು ಮೂಲದಲ್ಲಿ ಬಟ್ಟೆಯ ಪುಸ್ತಕದ್ದು. ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಕಪ್ಪಾಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಶಾನುಭೋಗರ ಲೆಕ್ಕ, ವ್ಯಾಪಾರಿಗಳ ಲೆಕ್ಕ ಎಲ್ಲ ಅದರಲ್ಲೇ. ಶೃಂಗೇರಿ ಮಠದಲ್ಲಿ ಹಳೆಯ ಕಡತಗಳು ಉಳಿದಿವೆ. ತಮಾಷೆ ಅಂದರೆ, ಕಡತದ ದೊಡ್ಡ ಅನುಕೂಲವೇ ಅಳಿಸಿ ಮತ್ತೆ ಬರೆಯಬಹುದು ಅನ್ನೋದು. ಅಂದರೆ ನಮ್ಮ ಲೆಕ್ಕದವರ ಕೈಗೆ ‘ಡಿಲೀಟ್’ ಅನ್ನೋದು ಕಂಪ್ಯೂಟರಿನ ಜೊತೆ ಬಂದದ್ದಲ್ಲ. ಕಾಗದ ಮತ್ತು ಶಾಯಿ ಬಂದ ಮೇಲೆ ಸ್ವಲ್ಪ ಕಾಲ ಅಳಿಸೋದು ಕಷ್ಟವಾಗಿತ್ತು, ಅಷ್ಟೇ. ಅಜ್ಜ ಬದುಕಿದ್ದು ಆ ನಡುವಿನ ಕಾಲದಲ್ಲಿ.

ಹಾಳೆಯಲ್ಲಿ ಬರೆದೆ. ಇಷ್ಟು ಗಂಟೆಗೆ ಆನ್ ಮಾಡಿದೆ, ಇಂಥ ಫೈಲ್ ತೆರೆದೆ, ತಿಳಿಯದೆ ಸೇವ್ ಮಾಡಿದೆ, ಇಷ್ಟು ಗಂಟೆಗೆ ಆಫ್ ಮಾಡಿದೆ. ಸಹಿ.

ಆಮೇಲೆ ಅವಳು ಕೆಲಸ ಶುರು ಮಾಡಿದಳು. ಅವತ್ತು ನಾನು ಕಲಿತದ್ದು ಯಾವ ಪರೀಕ್ಷೆಯಲ್ಲೂ ಬಂದಿರಲಿಲ್ಲ.

ಮೊದಲು ಎಲ್ಲದರ ಫೋಟೊ. ಯಾವ ವೈರು ಎಲ್ಲಿಗೆ ಹೋಗಿದೆ, ಗಡಿಯಾರ ಎಷ್ಟು ತೋರಿಸುತ್ತಿದೆ, ಡಬ್ಬದ ಹಿಂದಿನ ಸೀರಿಯಲ್ ನಂಬರು, ಕುಂಕುಮ ಸಮೇತ. ಆಮೇಲೆ ಸ್ಕ್ರೂ ಬಿಚ್ಚಿ ಹಾರ್ಡ್ ಡಿಸ್ಕ್ ಹೊರಗೆ ತೆಗೆದಳು. ಅದನ್ನು ತನ್ನ ಲ್ಯಾಪ್‌ಟಾಪಿಗೆ ನೇರವಾಗಿ ಸಿಕ್ಕಿಸಲಿಲ್ಲ. ನಡುವೆ ಒಂದು ಪುಟ್ಟ ಪೆಟ್ಟಿಗೆ ಇಟ್ಟಳು. ರೈಟ್ ಬ್ಲಾಕರ್. ಅದು ಡಿಸ್ಕಿನಿಂದ ಓದಲು ಬಿಡುತ್ತದೆ, ಡಿಸ್ಕಿನ ಮೇಲೆ ಬರೆಯಲು ಬಿಡುವುದಿಲ್ಲ. ಒಂದು ಕಂಪ್ಯೂಟರ್ ಆನ್ ಆದರೆ ಸಾಕು, ನಾವು ಕೀಲಿಮಣೆ ಮುಟ್ಟದಿದ್ದರೂ ವಿಂಡೋಸ್ ನೂರಾರು ಕಡೆ ತನ್ನ ಗುರುತು ಬರೆದುಕೊಳ್ಳುತ್ತದೆ. ಸಾಕ್ಷಿಯ ಮೇಲೆ ಚಪ್ಪಲಿ ಹಾಕಿಕೊಂಡು ಓಡಾಡಿದ ಹಾಗೆ.

ಅವಳು ಫೈಲುಗಳನ್ನು ಕಾಪಿ ಮಾಡಲಿಲ್ಲ. ಇಡೀ ಡಿಸ್ಕಿನ ಪಡಿಯಚ್ಚು ತೆಗೆದಳು. ಅವರ ಭಾಷೆಯಲ್ಲಿ ‘ಇಮೇಜ್’. ಖಾಲಿ ಜಾಗ, ಅಳಿಸಿದ ಜಾಗ, ಮೂಲೆ ಮುಡುಕು ಎಲ್ಲ ಸೇರಿ, ಒಂದು ಚೂರೂ ಬಿಡದೆ, ಇದ್ದದ್ದು ಇದ್ದ ಹಾಗೆ. 500 ಜಿಬಿ ಡಿಸ್ಕಿಗೆ ಮೂರು ಗಂಟೆಯ ಮೇಲಾಯಿತು. ನಡುವೆ ಕರೆಂಟ್ ಹೋಗಿ ಯುಪಿಎಸ್ ಕೀಂ ಕೀಂ ಅಂದಾಗ ನಮ್ಮಿಬ್ಬರ ಜೀವ ಬಾಯಿಗೆ ಬಂದಿತ್ತು.

ಮುಗಿದ ಮೇಲೆ ತೆರೆಯ ಮೇಲೆ ಉದ್ದಕ್ಕೆ 64 ಅಕ್ಷರ, ಅಂಕಿ ಬೆರೆತ ಒಂದು ಸಾಲು ಬಂತು. ಮೂಲ ಡಿಸ್ಕಿನದು ಒಂದು, ಪಡಿಯಚ್ಚಿನದು ಒಂದು. ಎರಡೂ ಒಂದೇ. ಇದಕ್ಕೆ ಹ್ಯಾಶ್ ಅನ್ನುತ್ತಾರೆ. ಅವಳು ಬಳಸಿದ್ದು ಎಸ್‌ಎಚ್‌ಎ-256 ಅನ್ನುವ ಲೆಕ್ಕಾಚಾರ. ಡಿಸ್ಕಿನಲ್ಲಿರುವ ಎಲ್ಲವನ್ನೂ ಅರೆದು ಒಂದು ಸಾಲು ಮಾಡುತ್ತದೆ. ಅಷ್ಟೂ ಜಿಬಿಯಲ್ಲಿ ಎಲ್ಲೋ ಒಂದು ಕಡೆ ಒಂದು ಅಲ್ಪವಿರಾಮ ಬದಲಾದರೂ ಸಾಲು ಪೂರ್ತಿ ಬೇರೆಯಾಗುತ್ತದೆ. ಸ್ವಲ್ಪ ಬೇರೆ ಅಲ್ಲ, ಗುರುತೇ ಸಿಗದಷ್ಟು ಬೇರೆ. ಆ ಸಾಲನ್ನು ಮಹಜರಿನಲ್ಲಿ ಬರೆದು, ಅಲ್ಲಿದ್ದ ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ, ಮೂಲ ಡಿಸ್ಕನ್ನು ಕವರಿಗೆ ಹಾಕಿ ಸೀಲ್ ಮಾಡಿದಳು. ಇನ್ನು ಅದನ್ನು ಯಾರೂ ತೆರೆಯುವಂತಿಲ್ಲ. ಕೆಲಸ ಏನಿದ್ದರೂ ಪಡಿಯಚ್ಚಿನ ಮೇಲೆ. ಕವರಿನ ಜೊತೆ ಒಂದು ಫಾರಂ. ಯಾರ ಕೈಯಿಂದ ಯಾರ ಕೈಗೆ ಹೋಯಿತು, ಯಾವ ದಿನ, ಎಷ್ಟು ಗಂಟೆಗೆ. ಚೈನ್ ಆಫ್ ಕಸ್ಟಡಿ ಅಂತ ಹೆಸರು. ಈ ಸರಪಳಿಯಲ್ಲಿ ಒಂದು ಕೊಂಡಿ ತಪ್ಪಿದರೂ ಎದುರಿನ ವಕೀಲರಿಗೆ ಹಬ್ಬ.

ಜನ ಅಂದುಕೊಂಡಿರುವುದು ಫೊರೆನ್ಸಿಕ್ಸ್ ಅಂದರೆ ಹುಡುಕುವ ಕೆಲಸ ಅಂತ. ಟಿವಿ ಧಾರಾವಾಹಿಗಳಲ್ಲಿ ಯಾರೋ ಟಕಟಕ ಅಂತ ಕುಟ್ಟಿದರೆ ಕಳ್ಳನ ಮುಖ ಬರುತ್ತದೆ. ನನ್ನ ಅನುಭವದಲ್ಲಿ ಹುಡುಕುವುದು ಕೆಲಸದ ಸಣ್ಣ ಪಾಲು. ಸಿಕ್ಕಿದ್ದು, ಸಿಕ್ಕ ಹಾಗೆಯೇ, ಮೂರೋ ನಾಲ್ಕೋ ವರ್ಷದ ಮೇಲೆ ನ್ಯಾಯಾಧೀಶರ ಮೇಜು ತಲುಪಬೇಕು. ಕಷ್ಟ ಇರುವುದು ಅಲ್ಲಿ.

ಅಳಿಸಿದ ಫೈಲ್ ವಾಪಸ್ ಬರುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ನಾನು ಪಹಣಿಯ ಉದಾಹರಣೆ ಕೊಡುತ್ತೇನೆ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಫೈಲ್ ಡಿಲೀಟ್ ಮಾಡುವುದು ಅಂದರೆ ಪಹಣಿಯಿಂದ ಹೆಸರು ತೆಗೆದ ಹಾಗೆ. ಜಮೀನು ಅಲ್ಲೇ ಇರುತ್ತದೆ, ಬೆಳೆ ಸಮೇತ. ಬೇರೆ ಯಾರಾದರೂ ಬಂದು ಉಳುವವರೆಗೆ ಹಳೆಯ ಬೆಳೆ ಕಾಣಿಸುತ್ತದೆ. ಅರ್ಧ ಉತ್ತಿದ್ದರೆ ಉಳಿದರ್ಧ ಕಾಣಿಸುತ್ತದೆ. ಈಗಿನ, ಚಿಪ್‌ಗಳಲ್ಲಿ ಬರೆದಿಡುವ ಎಸ್‌ಎಸ್‌ಡಿ ಡಿಸ್ಕುಗಳ ಕತೆ ಬೇರೆ. ಅಲ್ಲಿ ‘ಟ್ರಿಮ್’ ಅಂತ ಒಂದು ವ್ಯವಸ್ಥೆ ಇದೆ. ಹೆಸರು ತೆಗೆದ ಕೂಡಲೇ ಜಮೀನನ್ನೂ ಗುಡಿಸಿ ಚೊಕ್ಕಟ ಮಾಡಿಬಿಡುತ್ತದೆ. ಹಾಗಾಗಿ "ಏನ್ ಡಿಲೀಟ್ ಮಾಡಿದ್ರೂ ತೆಗೀಬಹುದು ಅಲ್ವಾ ಸಾರ್?" ಅನ್ನುವವರಿಗೆ ಈಗ ನಾನು ಸುಮ್ಮನೆ ನಗುತ್ತೇನೆ.

ನಮ್ಮ ಮಂಡಿಯ ಡಿಸ್ಕು ಹಳೆಯದು. ಅಲ್ಲಿ ಸಿಕ್ಕಿದ್ದು ಮಾತ್ರ ಬೇರೆ ರೀತಿಯದ್ದು. ಒಂದು ಪೆನ್‌ಡ್ರೈವ್ ಬಂದು ಹೋದ ಗುರುತು. ವಿಂಡೋಸ್ ತನಗೆ ಸಿಕ್ಕಿಸಿದ ಪ್ರತಿ ಪೆನ್‌ಡ್ರೈವಿನ ಗುರುತನ್ನೂ ಬರೆದಿಟ್ಟುಕೊಳ್ಳುತ್ತದೆ. ಅದರೊಳಗಿನ ಫೈಲ್ ತೆರೆದರೆ, ಆ ಫೈಲಿನ ಹೆಸರು, ಗಾತ್ರ, ತಾರೀಖು ಇರುವ ಪುಟ್ಟ ಚೀಟಿಯೊಂದು ಕಂಪ್ಯೂಟರಿನಲ್ಲೇ ಉಳಿದುಬಿಡುತ್ತದೆ. ಸುಗ್ಗಿಯ ಮೂರು ತಿಂಗಳು, ಹೆಚ್ಚುಕಮ್ಮಿ ಪ್ರತಿದಿನ ರಾತ್ರಿ ಎಂಟರ ಮೇಲೆ, ‘ರಾಶಿ 2’ ಅನ್ನುವ ಫೈಲ್ ಪೆನ್‌ಡ್ರೈವಿನಿಂದ ತೆರೆದಿತ್ತು. ‘ರಾಶಿ’ ಅಂದರೆ ಮಾರುಕಟ್ಟೆಯಲ್ಲಿ ಅಡಿಕೆಯ ಒಂದು ದರ್ಜೆ, ಸರಿ. ಆದರೆ ಎರಡು ಯಾಕೆ? ಪೆನ್‌ಡ್ರೈವ್ ಸಿಗಲೇ ಇಲ್ಲ. ಕೇಳಿದಾಗ ಭಾಮೈದ, "ಯಾವ ಪೆನ್‌ಡ್ರೈವು? ನಂಗೆ ಅದೆಲ್ಲ ಬರಲ್ಲಪ್ಪ" ಅಂದರು. ಫೈಲಿನ ಹೆಸರನ್ನು ನಾವು ಇನ್ನೂ ಹೇಳಿರಲಿಲ್ಲ. ಅಷ್ಟರಲ್ಲೇ, "ರಾಶಿ ಲೆಕ್ಕ ಎಲ್ಲ ಟ್ಯಾಲಿಯಲ್ಲೇ ಇದೆ" ಅಂತ ಸೇರಿಸಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಆದರೆ ಹೆಗಲು ಮುಟ್ಟಿಕೊಂಡದ್ದನ್ನು ಯಾವ ಕೋರ್ಟೂ ಸಾಕ್ಷಿ ಅಂತ ತೆಗೆದುಕೊಳ್ಳಲ್ಲ.

ಇಂಥ ಸಣ್ಣ ಗುರುತುಗಳ ದೊಡ್ಡ ಕತೆ ಪಾಕಿಸ್ತಾನದ್ದು. ವಿದೇಶಿ ಕಂಪನಿಗಳ ಗುಟ್ಟಿನ ದಾಖಲೆಗಳಾದ ಪನಾಮಾ ಪೇಪರ್ಸ್ ಹೊರಬಂದ ಮೇಲೆ, ಆಗಿನ ಪ್ರಧಾನಿ ನವಾಜ್ ಷರೀಫ್ ಕುಟುಂಬದ ಲಂಡನ್ ಫ್ಲ್ಯಾಟುಗಳ ಬಗ್ಗೆ ತನಿಖೆ ನಡೆಯಿತು. ಮಗಳು ಮರಿಯಂ ಕಡೆಯಿಂದ ಒಂದು ಟ್ರಸ್ಟ್ ಪತ್ರ ಬಂತು. ತಾರೀಖು 2006ರ ಫೆಬ್ರವರಿ. ಬ್ರಿಟನ್ನಿನ ತಜ್ಞರೊಬ್ಬರು ಪತ್ರದ ವಿಷಯ ಬಿಟ್ಟು ಅಕ್ಷರದ ಆಕಾರ ನೋಡಿದರು. ಕ್ಯಾಲಿಬ್ರಿ ಫಾಂಟ್. ಅದು ಎಲ್ಲರ ಕೈಗೆ ಸಿಕ್ಕಿದ್ದು 2007ರ ಜನವರಿ ಕೊನೆಯಲ್ಲಿ, ವಿಂಡೋಸ್ ವಿಸ್ತಾ ಮತ್ತು ಆಫೀಸ್ 2007ರ ಜೊತೆ. ಇಲ್ಲದ ಫಾಂಟಿನಲ್ಲಿ ಪತ್ರ ಬರೆದದ್ದು ಹೇಗೆ? 2017ರ ಜುಲೈಯಲ್ಲಿ ವರದಿ ಬಂದಾಗ ಪ್ರಪಂಚವೇ ನಕ್ಕಿತು. ಇಲ್ಲಿಗೆ ಎಲ್ಲರೂ ಕತೆ ನಿಲ್ಲಿಸುತ್ತಾರೆ. ನಾನು ಮುಂದಿನದ್ದನ್ನೂ ಹೇಳುತ್ತೇನೆ. ಫಾಂಟಿನ ಪರೀಕ್ಷಾ ಆವೃತ್ತಿ ಅದಕ್ಕೂ ಮೊದಲೇ ಕೆಲವರ ಬಳಿ ಇತ್ತು ಅಂತ ಆ ಕಡೆಯವರು ವಾದಿಸಿದರು. ಮರಿಯಂಗೆ 2018ರಲ್ಲಿ ಶಿಕ್ಷೆಯಾಯಿತು. 2022ರಲ್ಲಿ ಇಸ್ಲಾಮಾಬಾದ್ ಹೈಕೋರ್ಟ್ ಖುಲಾಸೆ ಮಾಡಿತು. ಫಾಂಟ್ ನೋಡಿ ನಗುವುದು ಒಂದು, ಮೊಕದ್ದಮೆ ಗೆಲ್ಲುವುದು ಇನ್ನೊಂದು.

ಈಗ ನನ್ನ ಕಡೆಯ ಕೆಲಸ. ಲೆಕ್ಕ.

ನಮ್ಮ ದೇಶದಲ್ಲಿ ಈ ವಿಷಯ ಬಂದರೆ ಸತ್ಯಂ ಹೇಳದೆ ಮುಂದೆ ಹೋಗಲು ಆಗಲ್ಲ. 2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪನಿಯ ಅಧ್ಯಕ್ಷ ರಾಮಲಿಂಗರಾಜು ತಮ್ಮ ಆಡಳಿತ ಮಂಡಳಿಗೆ ಒಂದು ಪತ್ರ ಬರೆದರು. ಲೆಕ್ಕದಲ್ಲಿ ತೋರಿಸಿರುವ ನಗದು ಮತ್ತು ಬ್ಯಾಂಕ್ ಬಾಕಿಯಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಅಂತ. ಆ ತ್ರೈಮಾಸಿಕದಲ್ಲಿ 2,700 ಕೋಟಿ ಆದಾಯ ತೋರಿಸಿದ್ದರು, ನಿಜವಾದದ್ದು 2,112 ಕೋಟಿ. ಲಾಭ 649 ಕೋಟಿ ಅಂದಿದ್ದರು, ನಿಜ 61 ಕೋಟಿ. ಹುಲಿ ಸವಾರಿ ಮಾಡಿದ ಹಾಗಾಯಿತು, ಇಳಿಯೋದು ಹೇಗೆ ಅಂತ ಗೊತ್ತಾಗಲಿಲ್ಲ ಅನ್ನುವ ಅರ್ಥದ ಮಾತು ಅದೇ ಪತ್ರದಲ್ಲಿತ್ತು.

ಪತ್ರ ಎಲ್ಲರಿಗೂ ಗೊತ್ತು. ನನಗೆ ಜಾಸ್ತಿ ಕುತೂಹಲ ಇರುವುದು ಆಮೇಲೆ ಸಿಬಿಐ ಕಂಪ್ಯೂಟರುಗಳಲ್ಲಿ ಕಂಡದ್ದರ ಬಗ್ಗೆ. ಸತ್ಯಂನ ಬಿಲ್ ಮಾಡುವ ತಂತ್ರಾಂಶದಲ್ಲಿ ‘ಸೂಪರ್ ಯೂಸರ್’ ಅನ್ನುವ ಲಾಗಿನ್ ಒಂದಿತ್ತು. ಅದರ ಮೂಲಕ ಬಿಲ್ಲಿನ ಮುಂದೆ ಇಂಗ್ಲಿಷಿನ ‘ಎಸ್’ ಅಥವಾ ‘ಎಚ್’ ಅಂತ ಗುರುತು ಹಾಕಬಹುದಿತ್ತು. ‘ಎಚ್’ ಆದರೆ ಎಲ್ಲರಿಗೂ ಕಾಣುವ ಬಿಲ್ಲು. ‘ಎಸ್’ ಆದರೆ ಕೆಲಸ ಮಾಡಿದ ವಿಭಾಗಕ್ಕೇ ಅದು ಕಾಣಲ್ಲ, ಹಣಕಾಸಿನ ಕಡೆಯ ಕೆಲವರಿಗೆ ಮಾತ್ರ. ಅಂಥ 7,561 ನಕಲಿ ಬಿಲ್ಲುಗಳು. ಒಂದೊಂದಕ್ಕೂ ನಂಬರು, ತಾರೀಖು, ಗ್ರಾಹಕರ ಹೆಸರು. ಬಿಲ್ಲು ಇದ್ದ ಮೇಲೆ ದುಡ್ಡು ಬರಬೇಕಲ್ಲ? ಬಂದ ಹಾಗೆ ತೋರಿಸಲು ಬ್ಯಾಂಕಿನ ಸ್ಟೇಟ್‌ಮೆಂಟು, ಠೇವಣಿ ರಸೀದಿಗಳೂ ನಕಲಿ. ಒಂದು ಸುಳ್ಳಿನ ಹೊಟ್ಟೆ ತುಂಬಿಸಲು ಇನ್ನೊಂದು.

2015ರ ಏಪ್ರಿಲ್‌ನಲ್ಲಿ ವಿಚಾರಣಾ ನ್ಯಾಯಾಲಯ 7 ವರ್ಷದ ಶಿಕ್ಷೆ ಕೊಟ್ಟಿತು. ಮುಂದಿನ ತಿಂಗಳೇ ಮೇಲ್ಮನವಿಯಲ್ಲಿ ಶಿಕ್ಷೆ ಅಮಾನತಾಗಿ ಜಾಮೀನು ಸಿಕ್ಕಿತು. ನಾನು ಮಂಡಿಗೆ ಹೋದದ್ದು ಅದೇ ವರ್ಷದ ಮಳೆಗಾಲಕ್ಕೆ. ತಲೆಯ ತುಂಬ ಸೂಪರ್ ಯೂಸರ್‌ಗಳೇ. ಮಂಡಿಯ ಟ್ಯಾಲಿಯಲ್ಲಿ ಇದ್ದದ್ದು ಒಂದೇ ಲಾಗಿನ್, ಪಾಸ್‌ವರ್ಡ್ ಮಾನಿಟರ್ ಮೇಲೆ ಅಂಟಿಸಿತ್ತು.

ಪುಸ್ತಕದಲ್ಲಿ ಕಲಿತದ್ದನ್ನೂ ಮಾಡಿ ನೋಡಿದೆ. ಬೆನ್‌ಫರ್ಡ್ ನಿಯಮ ಅಂತ ಒಂದಿದೆ. ಲೆಕ್ಕದ ಪುಸ್ತಕದ ಹಾಗೆ ತಾನಾಗಿ ಬೆಳೆದ ಅಂಕಿಗಳ ರಾಶಿಯಲ್ಲಿ, ಮೊತ್ತಗಳ ಮೊದಲ ಅಂಕಿ 1 ಆಗಿರುವುದು ಶೇಕಡಾ 30ರಷ್ಟು, 9 ಆಗಿರುವುದು ಶೇಕಡಾ 5ಕ್ಕಿಂತ ಕಡಿಮೆ. 1881ರಲ್ಲಿ ಸೈಮನ್ ನ್ಯೂಕೋಂಬ್ ಅನ್ನುವ ಖಗೋಳ ವಿಜ್ಞಾನಿ ಇದನ್ನು ಗಮನಿಸಿದ್ದು ಲಾಗರಿದಮ್ ಪುಸ್ತಕ ನೋಡಿ. 1ರಿಂದ ಶುರುವಾಗುವ ಸಂಖ್ಯೆಗಳಿದ್ದ ಮೊದಲ ಪುಟಗಳು ಕೊಳೆಯಾಗಿ ಸವೆದಿದ್ದವು, ಕೊನೆಯ ಪುಟಗಳು ಹೊಸದಾಗಿದ್ದವು. ಫ್ರಾಂಕ್ ಬೆನ್‌ಫರ್ಡ್ ಅದನ್ನು ವಿವರವಾಗಿ ತೋರಿಸಿದ್ದು 1938ರಲ್ಲಿ. ಮನುಷ್ಯ ಕೂತು ಸುಳ್ಳು ಅಂಕಿ ಬರೆದರೆ ಈ ಹಂಚಿಕೆ ಕೆಡುತ್ತದೆ.

ಮಂಡಿಯ ಖರ್ಚಿನ ಓಚರುಗಳನ್ನು ಹಾಕಿ ನೋಡಿದರೆ 9ರ ಹತ್ತಿರ ದೊಡ್ಡ ಗುಡ್ಡವೇ ಎದ್ದಿತ್ತು. ಆಗಿನ್ನೂ ಒಬ್ಬರಿಗೆ ಒಂದು ದಿನ 20,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ಆದಾಯ ತೆರಿಗೆಯವರು ಆ ಖರ್ಚು ಒಪ್ಪುತ್ತಿರಲಿಲ್ಲ. ಈಗ ಆ ಮಿತಿ 10,000. ಮಿತಿ ಯಾವುದಿದ್ದರೂ ವ್ಯಾಪಾರಿಗಳು ಅದರ ಹೊಸಿಲ ತನಕ ಬಂದು ನಿಲ್ಲುತ್ತಾರೆ. 19,500, 19,800. ಹಾಗಾದರೆ ಗುಡ್ಡ 1ರ ಮೇಲೆ ಏಳಬೇಕಿತ್ತು ಅಲ್ವಾ? ಇವರು ಆ 19,500ನ್ನೂ ಇಬ್ಬರ ಹೆಸರಲ್ಲಿ ಒಡೆದು 9,750ರ ಎರಡು ಓಚರ್ ಮಾಡುತ್ತಿದ್ದರು. "ಯಾಕೆ ಸ್ವಾಮಿ?" ಅಂದರೆ, "ಆಡಿಟರ್ ಹೇಳಿದ್ರು, ಚಿಕ್ಕದಾಗಿದ್ರೆ ಒಳ್ಳೇದು ಅಂತ." ತೆರಿಗೆಯ ಚಾಲಾಕಿತನ ಇರಬಹುದು, ಕಳ್ಳತನ ಅಲ್ಲ. ಅಮೆರಿಕದ ಪಠ್ಯಪುಸ್ತಕ ಹಿಡಿದು ಅಡಿಕೆ ಮಂಡಿಗೆ ಹೋದರೆ ಹೀಗೇ ಆಗುವುದು. ಒಂದು ವಾರ ಹಾಳಾಯಿತು.

ಕೊನೆಗೆ ದಾರಿ ತೋರಿಸಿದ್ದು ಹಮಾಲಿ ಖಾತೆ. ಚೀಲ ಲೋಡ್ ಮಾಡಿದ್ದಕ್ಕೆ ಹಮಾಲರಿಗೆ ಚೀಲಕ್ಕೆ ಇಷ್ಟು ಅಂತ ಕೂಲಿ. ಮಾರಾಟದ ಪುಸ್ತಕದಲ್ಲಿ ಸುಗ್ಗಿಯ ಮೂರು ತಿಂಗಳಿಗೆ 1,434 ಚೀಲ. ಹಮಾಲಿ ಖಾತೆಯ ಮೊತ್ತವನ್ನು ಚೀಲದ ದರದಿಂದ ಭಾಗಿಸಿದರೆ 1,846 ಬಂತು. 412 ಚೀಲ ಲಾರಿ ಹತ್ತಿವೆ, ಎಲ್ಲಿಗೂ ಮಾರಾಟ ಆಗಿಲ್ಲ! ಆದಾಯ ಮುಚ್ಚಿಡುವವರು ಖರ್ಚು ಮುಚ್ಚಿಡುವುದಿಲ್ಲ. ಖರ್ಚು ತೋರಿಸಿದರೆ ತೆರಿಗೆ ಕಡಿಮೆ, ಪಾಲುದಾರನಿಗೆ ಕೊಡಬೇಕಾದ ಲಾಭವೂ ಕಡಿಮೆ. ಅದರ ಜೊತೆಗೆ ಹಮಾಲರಿಗೆ ಯಾರೂ ಮೋಸ ಮಾಡಲು ಆಗಲ್ಲ. ಸಂಜೆ ಹೊತ್ತಿಗೆ ಕೂಲಿ ಕೊಡದಿದ್ದರೆ ಮರುದಿನ ಚೀಲ ಎತ್ತುವವರಿರಲ್ಲ.

ಹಮಾಲರ ಮೇಸ್ತ್ರಿಯನ್ನು ಹುಡುಕಿಕೊಂಡು ಹೋದೆವು. ಅರವತ್ತರ ಆಸುಪಾಸು. ಅಂಗಿ ಜೇಬಿನಲ್ಲಿ ಒಂದು ಪಾಕೆಟ್ ಪುಸ್ತಕ, ಬೆವರಿಗೆ ಮೆತ್ತಗಾಗಿತ್ತು. ಪ್ರತಿ ಲಾರಿಗೆ ಒಂದು ಸಾಲು. ನಾಲ್ಕು ಗೀಟು, ಮೇಲೊಂದು ಅಡ್ಡ ಗೀಟು, ಐದು ಚೀಲ. ಲಾರಿ ನಂಬರಿನ ಕೊನೆಯ ನಾಲ್ಕು ಅಂಕಿ. ರಾತ್ರಿ ಲೋಡ್ ಆಗಿದ್ದರೆ ಪಕ್ಕದಲ್ಲಿ ಒಂದು ಚಂದ್ರ. ಹೌದು, ಪುಟ್ಟ ಚಂದ್ರನ ಚಿತ್ರ. ಒಟ್ಟು ಕೂಡಿಸಿದೆವು. 1,846. ಚಂದ್ರ ಇದ್ದ ಲಾರಿಗಳಷ್ಟೂ ಮಾರಾಟದ ಪುಸ್ತಕದಲ್ಲಿ ಇರಲಿಲ್ಲ. ‘ರಾಶಿ 2’ ತೆರೆದ ರಾತ್ರಿಗಳೂ ಈ ಚಂದ್ರನ ರಾತ್ರಿಗಳೂ ಒಂದೇ. ಧಾರವಾಡದ ಹುಡುಗಿ ಎರಡೂ ಪಟ್ಟಿ ಪಕ್ಕ ಪಕ್ಕ ಇಟ್ಟು, "ಕೂದಲು ನಿಮಿರ್ತಾವ ನೋಡ್ರಿ ಸರ್" ಅಂದಳು.

ಇಷ್ಟಾದರೆ ಗೆದ್ದ ಹಾಗೆ ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ.

ಬೆಂಗಳೂರಿನಲ್ಲಿ ನಿವೃತ್ತ ನ್ಯಾಯಾಧೀಶರೊಬ್ಬರ ಮುಂದೆ ಆರ್ಬಿಟ್ರೇಷನ್, ಅಂದರೆ ಕೋರ್ಟಿನ ಹೊರಗೆ ಮಧ್ಯಸ್ಥರ ಮುಂದೆ ನಡೆಯುವ ವಿಚಾರಣೆ. ಎದುರಿನ ವಕೀಲರು ಎತ್ತಿಕೊಂಡದ್ದು ಮೊದಲ ದಿನದ ‘ಬಾಕಿ’ ಫೈಲನ್ನು.

"ಈ ಫೈಲ್ ಕೊನೆಯದಾಗಿ ಬದಲಾಗಿದ್ದು ಯಾವಾಗ?"

ಹೇಳಿದೆ.

"ಆ ಹೊತ್ತಿಗೆ ಕಂಪ್ಯೂಟರ್ ಮುಂದೆ ಇದ್ದವರು ಯಾರು?"

"ನಾನು."

"ಅಂದರೆ ಫೈಲ್ ಬರೆದಿದ್ದು ನೀವೇ ಅನ್ನಿ!"

ಕೋಣೆಯಲ್ಲಿ ಎಲ್ಲರೂ ನಕ್ಕರು. ನಮ್ಮ ಕಡೆಯ ವಕೀಲರೂ ನಕ್ಕರು, ಅದು ಇನ್ನೂ ನೋವಾಯಿತು. ನಾನು ಅವತ್ತು ಬರೆದು ಸಹಿ ಹಾಕಿದ ಹಾಳೆ ಮುಂದಿಟ್ಟೆ. ನ್ಯಾಯಾಧೀಶರು ಕನ್ನಡಕ ಏರಿಸಿ ನಿಧಾನವಾಗಿ ಓದಿದರು. "ಎವಿಡೆನ್ಸ್ ಆಕ್ಟ್ ಆರ್ಬಿಟ್ರೇಟರನ್ನು ಕಟ್ಟಿಹಾಕಲ್ಲ ಅನ್ನೋದು ಸರಿ. ಆದರೆ ನನಗೆ ನಂಬಿಕೆ ಬರಬೇಕಲ್ಲ. ಈ ಫೈಲ್ ಬೇಡ, ಪಕ್ಕಕ್ಕಿಡಿ. ಉಳಿದದ್ದು ನೋಡೋಣ" ಅಂದರು. ಆ ಹಾಳೆ ಇಲ್ಲದಿದ್ದರೆ ಡಿಸ್ಕೇ ಪೂರ್ತಿ ಪಕ್ಕಕ್ಕೆ ಹೋಗುತ್ತಿತ್ತು. ಅಜ್ಜನ ಒಂದು ಗೆರೆ ಉಳಿಸಿತು.

ಅದು ಇಂಥ ಪ್ರಶ್ನೆಗಳು ಎಲ್ಲ ಕಡೆ ಏಳುತ್ತಿದ್ದ ಕಾಲ. ಹಿಂದಿನ ವರ್ಷ, 2014ರ ಸೆಪ್ಟೆಂಬರಿನಲ್ಲಿ, ಸುಪ್ರೀಂ ಕೋರ್ಟ್ ಅನ್ವರ್ ಮತ್ತು ಬಷೀರ್ ನಡುವಿನ ಮೊಕದ್ದಮೆಯ ತೀರ್ಪು ಕೊಟ್ಟಿತ್ತು. ಕೇರಳದ ಎರನಾಡ್ ಕ್ಷೇತ್ರದ ಚುನಾವಣಾ ತಕರಾರು. ಪ್ರಚಾರದ ಹಾಡು, ಭಾಷಣ ಇರುವ ಸಿಡಿಗಳನ್ನು ಸಾಕ್ಷಿಯಾಗಿ ಕೊಟ್ಟಿದ್ದರು, ಜೊತೆಗೆ 65ಬಿ ಪ್ರಮಾಣಪತ್ರ, ಅಂದರೆ ಈ ನಕಲು ಯಾವ ಯಂತ್ರದಿಂದ ಹೇಗೆ ಬಂತು ಅಂತ ಎವಿಡೆನ್ಸ್ ಆಕ್ಟಿನ 65ಬಿ ಸೆಕ್ಷನ್ ಕೇಳುತ್ತಿದ್ದ ಸಹಿ ಮಾಡಿದ ಹೇಳಿಕೆ, ಇರಲಿಲ್ಲ. ಪ್ರಮಾಣಪತ್ರ ಇಲ್ಲದೆ ನಕಲು ಸಿಡಿ ಸಾಕ್ಷಿಯೇ ಅಲ್ಲ ಅಂತ ಕೋರ್ಟ್ ಹೇಳಿತು. ಆಮೇಲೆ ಒಂದೊಂದು ಪೀಠ ಒಂದೊಂದು ಥರ ಹೇಳಿ ಗೊಂದಲವಾಗಿ, 2020ರಲ್ಲಿ ಮಹಾರಾಷ್ಟ್ರದ ಜಾಲ್ನಾ ಚುನಾವಣೆಯ ಮೊಕದ್ದಮೆಯಲ್ಲಿ ಮೂವರು ನ್ಯಾಯಮೂರ್ತಿಗಳು ಮತ್ತೆ ಅದನ್ನೇ ಗಟ್ಟಿ ಮಾಡಿದರು. ಅಲ್ಲಿ ಪ್ರಶ್ನೆ ನಾಮಪತ್ರ ಮಧ್ಯಾಹ್ನ ಮೂರರ ಒಳಗೆ ಬಂತಾ ಅನ್ನೋದು, ಸಾಕ್ಷಿ ಕಚೇರಿಯ ವಿಡಿಯೊ. ಮೂಲ ಯಂತ್ರವನ್ನೇ ಅದರ ಮಾಲೀಕರು ಕೋರ್ಟಿಗೆ ತಂದರೆ ಪ್ರಮಾಣಪತ್ರ ಬೇಡ, ಇಲ್ಲದಿದ್ದರೆ ಬೇಕೇ ಬೇಕು. 2024ರ ಜುಲೈ 1ರಿಂದ ಹೊಸ ಸಾಕ್ಷ್ಯ ಕಾನೂನು ಬಂದಿದೆ. ಈಗ ಅದು ಸೆಕ್ಷನ್ 63. ಪ್ರಮಾಣಪತ್ರದಲ್ಲಿ ಎರಡು ಭಾಗ, ಒಂದಕ್ಕೆ ಕೊಡುವವರ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ. ಹ್ಯಾಶ್ ಬರೆಯಲು ಫಾರಂನಲ್ಲೇ ಜಾಗ ಬಿಟ್ಟಿದ್ದಾರೆ. ಅವತ್ತು ಅವಳು ಮಹಜರಿನ ಅಂಚಿನಲ್ಲಿ ಬರೆದ 64 ಅಕ್ಷರ ಇವತ್ತು ಕಾನೂನಿನ ಫಾರಂ ಒಳಗೆ ಬಂದು ಕೂತಿದೆ. ಸಣ್ಣ ವಕೀಲರಿಗೆ, ತಾಲ್ಲೂಕಿನ ಕಕ್ಷಿದಾರರಿಗೆ ಈ ತಜ್ಞರನ್ನು ಹುಡುಕುವುದೇ ಒಂದು ತಲೆನೋವು. ಅದಕ್ಕೆ ಯಾರೂ ಸರಿಯಾಗಿ ಉತ್ತರ ಕೊಟ್ಟಿಲ್ಲ ಅಂತ ನನ್ನ ಅನಿಸಿಕೆ.

ಮೇಸ್ತ್ರಿಯ ಪುಸ್ತಕದ ಮೇಲೂ ಜಗಳ ನಡೆಯಿತು. "ಇದು ಲೆಕ್ಕದ ಪುಸ್ತಕವೇ ಅಲ್ಲ" ಅಂತ ಎದುರಿನವರು. ಇದಕ್ಕೂ ಹಳೆಯ ತೀರ್ಪೊಂದಿದೆ. 1991ರಲ್ಲಿ ಜಪ್ತಿಯಾದ ಜೈನ್ ಹವಾಲಾ ಡೈರಿಗಳ ಬಗ್ಗೆ 1998ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು. ಸ್ಪೈರಲ್ ಹಾಕಿದ ನೋಟ್‌ಬುಕ್ಕು ‘ಪುಸ್ತಕ’, ಫೈಲಿನಲ್ಲಿರುವ ಬಿಡಿ ಹಾಳೆಗಳು ಅಲ್ಲ. ಪುಸ್ತಕವೇ ಆದರೂ, ಬರೀ ಅದರಲ್ಲಿ ಬರೆದಿದೆ ಅನ್ನೋ ಒಂದೇ ಕಾರಣಕ್ಕೆ ಇನ್ನೊಬ್ಬರ ಮೇಲೆ ಹೊಣೆ ಹೊರಿಸುವಂತಿಲ್ಲ, ಬೇರೆ ಆಧಾರ ಬೇಕು. ನಮ್ಮದು ಹೊಲಿದ ಪುಸ್ತಕ. ಬೇರೆ ಆಧಾರಕ್ಕೆ ವೇಬ್ರಿಡ್ಜಿನಿಂದ ತೂಕದ ಚೀಟಿಗಳ ನಕಲು ತಂದಿದ್ದೆವು. ಲಾರಿ ನಂಬರು, ಹೊತ್ತು, ತೂಕ ಎಲ್ಲ ಕೂಡಿ ಬಂತು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ, ಅದೇ.

ಇವತ್ತಿಗೆ ಆ ಮಂಡಿಯಂಥ ಕಡೆ ಏನು ಬದಲಾಗಿದೆ ಅಂತ ಯೋಚಿಸಿದರೆ, ಪೂರ್ತಿ ಸಮಾಧಾನ ಇಲ್ಲ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ದಾಖಲೆ ಇರಲೇಬೇಕು, ಅದನ್ನು ಆಫ್ ಮಾಡಲು ಬರಬಾರದು ಅಂತ ನಿಯಮ ಬಂತು. ನಮ್ಮ ಬೆಂಗಳೂರಿನ ಟ್ಯಾಲಿಯವರು ‘ಎಡಿಟ್ ಲಾಗ್’ ಅಂತ ಕೊಟ್ಟಿದ್ದಾರೆ. ಹಳೆಯ ಮೊತ್ತವೂ ಕಾಣುತ್ತದೆ, ಹೊಸದೂ ಕಾಣುತ್ತದೆ, ಯಾರು ಯಾವಾಗ ಬದಲಾಯಿಸಿದರು ಅನ್ನೋದೂ ಕಾಣುತ್ತದೆ. ಮೊದಲ ಸಲ ಅದನ್ನು ನೋಡಿದಾಗ ನನ್ನ ಕೈ ಮೇಲೆ ಪಟ್ ಅಂತ ಬಿದ್ದ ಹಾಗಾಯಿತು. ಆದರೆ ನಿಯಮ ಕಂಪನಿಗಳಿಗೆ ಮಾತ್ರ. ಭಾವ–ಭಾಮೈದರ ಪಾಲುದಾರಿಕೆಗೆ ಅದು ಅನ್ವಯಿಸಲ್ಲ. ಅಲ್ಲಿ ಈಗಲೂ ರಬ್ಬರ್ ಕೈಯಲ್ಲೇ ಇದೆ.

ಆರ್ಬಿಟ್ರೇಷನ್ ತೀರ್ಪಿನ ತನಕ ಹೋಗಲಿಲ್ಲ. ಭಾಮೈದನ ಅಕ್ಕ, ಅಂದರೆ ಭಾವನ ಹೆಂಡತಿ, ಒಂದು ದಿನ ಎದ್ದು ತವರಿಗೆ ಹೋಗಿ ಕೂತರಂತೆ. ಇಬ್ಬರೂ ಒಂದು ತೀರ್ಮಾನಕ್ಕೆ ಬರುವವರೆಗೆ ಇಲ್ಲಿಂದ ಏಳಲ್ಲ ಅಂತ. ಹದಿನೈದು ದಿನದಲ್ಲಿ ರಾಜಿಯಾಯಿತು. ಮಂಡಿ ಒಬ್ಬರಿಗೆ, ತೋಟ ಒಬ್ಬರಿಗೆ. ನನ್ನ 140 ಪುಟದ ವರದಿಯನ್ನು ಯಾರೂ ಕೊನೆಯವರೆಗೆ ಓದಲಿಲ್ಲ. ಫೀಸು ಬಂತು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಉಳಿದದ್ದು ಸಾಮಾನು ಹಿಂದಿರುಗಿಸುವ ಕೆಲಸ. ಡಿಸ್ಕು ಮಂಡಿಗೆ ಹೋಯಿತು. ಮೇಸ್ತ್ರಿ ತಾನೇ ನನ್ನ ಆಫೀಸಿಗೆ ಬಂದ. ಎರಡು ಸಲ ಫೋನ್ ಮಾಡಿ ಕೇಳಿದ್ದ. "ಬ್ಯಾರೆ ಮಂಡಿಯೋರು ನಂಗೆ ಕೊಡ್ಬೇಕಾದ್ ಲೆಕ್ಕಾನೂ ಅದ್ರಾಗೇ ಐತೆ ಸಾರ್. ಒಂದು ವರ್ಷ ಆತು."

ಸೀಲ್ ಒಡೆದು, ಪ್ಲಾಸ್ಟಿಕ್ ಕವರಿನಿಂದ ಪುಸ್ತಕ ತೆಗೆದು ಕೊಟ್ಟೆ. ಕವರಿನಲ್ಲಿ ಒಣಗಿ ಅದು ಗಟ್ಟಿಯಾಗಿತ್ತು. ಸರಪಳಿಯ ಫಾರಂ ಮುಂದಿಟ್ಟು, ಕೊನೆಯ ಸಾಲಿನಲ್ಲಿ ಸಹಿ ಹಾಕಲು ಹೇಳಿದೆ. ಅವನು ಪೆನ್ನು ಮುಟ್ಟಲಿಲ್ಲ. ಹೆಬ್ಬೆರಳಿಗೆ ಎಂಜಲು ಹಚ್ಚಿಕೊಂಡು ಹಾಳೆ ಎಣಿಸತೊಡಗಿದ. ಒಂದು, ಎರಡು, ಮೂರು. ನಾನು ಕಾಫಿ ತರಿಸಿದೆ. ಕಾಫಿ ಆರಿತು. ಅರವತ್ತನಾಲ್ಕಕ್ಕೆ ನಿಲ್ಲಿಸಿ, ರಟ್ಟು ಮುಚ್ಚಿ, ಜೇಬಿಗೆ ಹಾಕಿಕೊಂಡ. ಆಮೇಲೆ ಪೆನ್ನು ತೆಗೆದುಕೊಂಡ.